ಕಾಣದವರಿಗೆ ನಾನು ಕೊಟ್ಟ ಸದ್ದು

ಮೇಲ್ಕೇರಿ, ಗುರುಗ್ರಹದ ಕ್ಯಾಲಿಸ್ಟೋ ಚಂದ್ರ
ಫೆಬ್ರವರಿ ೩೧, ೨೭೧೮

ಹಿಂದಿನ ಕಾಲದಲ್ಲಿ ಆಟ ಆಡುವವರಿಗೂ ಆಟ ಕಟ್ಟುವವರಿಗೂ ಚನ್ನಾಜಮ್ಮ ಮಾಡುವ ನಮಸ್ಕಾರಗಳು. ನಮ್ಮ ಊರಿನಿಂದ ಹಿಂದಿನ ಕಾಲಕ್ಕೆ ಸರದಿಯ ಪ್ರಕಾರ ಕಾಗದ ಬರೆಯುತ್ತೇವೆ, ಈ ಸಲದ ಸರದಿ ನನ್ನದು.

ತಾರೀಖು ನೋಡಿ ನಗಬೇಡಿ. ಎಲ್ಲ ತಿಂಗಳೂ ಒಂದೇ ಸಮ ಇರಲಿ ಎಂದು ನಮ್ಮ ಹಿರಿಯರಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಹಟ ಹಿಡಿದನಂತೆ, ಹಾಗಾಗಿ ಇಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ. ನನ್ನ ಮಾತು ನಿಮಗೆ ಅಲ್ಲಲ್ಲಿ ತೊಡರಬಹುದು. ಏಳು ನೂರು ವರ್ಷ ಬಾಯಿಂದ ಬಾಯಿಗೆ ಬಂದ ಕನ್ನಡ ಇದು. ಒಂದಷ್ಟು ಸವೆದಿದೆ, ಒಂದಷ್ಟು ಹೊಸದು ಅಂಟಿಕೊಂಡಿದೆ. ಹಳೆಯ ಬರಹ ಮುಂದಿಟ್ಟುಕೊಂಡು ನಿಮ್ಮ ಹಾಗೆ ಬರೆಯಲು ನೋಡಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಭೂಮಿಯಿಂದ ಬಂದ ಹಳೆಯ ಕಡತಗಳಲ್ಲಿ ನಿಮ್ಮ ಕಾಲದವರೊಬ್ಬರು ಕೇಳಿದ ಪ್ರಶ್ನೆ ನನಗೆ ಸಿಕ್ಕಿತು. ಬಾಹ್ಯಾಕಾಶದ ಆಟಗಳಲ್ಲಿ ಯಾರು, ಏನು, ಎತ್ತ ಎಂದೇ ತಿಳಿಯದ ಅನ್ಯಲೋಕದ ಶತ್ರುಗಳಿದ್ದರೆ ಆಟ ಹಿಡಿಸುತ್ತದೆಯೋ, ಬೇಜಾರಾಗುತ್ತದೆಯೋ ಎಂಬ ಪ್ರಶ್ನೆ. ಅದರ ಕೆಳಗೆ ನಾನೂರು ಚಿಲ್ಲರೆ ಜನ ಜುಟ್ಟು ಹಿಡಿದು ಕಿತ್ತಾಡಿದ್ದೀರಿ, ಕೊನೆಗೂ ಇತ್ಯರ್ಥವಾಗಿಲ್ಲ. ನಾನು ಮೂವತ್ತು ವರ್ಷ ಆಟ ಕಟ್ಟಿದವಳು. ಉತ್ತರ ನನಗೆ ಗೊತ್ತು. ಹಿಡಿಸುತ್ತದೆ. ಅನ್ನ ನೀರು ಮರೆಯುವಷ್ಟು ಹಿಡಿಸುತ್ತದೆ. ಇಷ್ಟು ಹೇಳುವುದಕ್ಕೇ ನನಗೆ ತಲೆ ತಗ್ಗಿಸುವ ಹಾಗಾಗಿದೆ. ಯಾಕೆ ಎಂದು ಹೇಳುತ್ತೇನೆ.

ನಾವಿರುವುದು ನೆಲದ ಮೇಲಲ್ಲ, ನೆಲದ ಒಳಗೆ. ಮೂರು ಸಾವಿರ ಜನ ಇದ್ದೇವೆ. ದೀಪದ ಬಿಸಿಲಲ್ಲಿ ರಾಗಿ ಬೆಳೆದು, ಊಟದ ಮನೆಯಲ್ಲಿ ಸರದಿಯ ಪ್ರಕಾರ ಕೂತು ಮುದ್ದೆ ಉಣ್ಣುತ್ತೇವೆ. ಸಾರಿಗೆ ಹುಳಿ ಸಾಲದು ಎಂಬ ಜಗಳ ನನ್ನಜ್ಜಿಯ ಕಾಲದಿಂದ ನಡೆದೇ ಇದೆ. ಹೊರಗೆ ಉಸಿರಾಡುವ ಗಾಳಿ ಇಲ್ಲ. ಆದ್ದರಿಂದ ಹೊರಹೋಗುವ ದಾರಿಗೆಲ್ಲ ಗಾಳಿಮನೆ ಇದೆ, ಅಂದರೆ ಎರಡು ಬಾಗಿಲುಗಳ ನಡುವಿನ ಕೋಣೆ. ಅದನ್ನು ಕಾಯುವವಳನ್ನು ಬಾಗಿಲಮ್ಮ ಎನ್ನುತ್ತೇವೆ. ಊರಿನ ಉಸಿರು ಅವಳ ಕೈಯಲ್ಲಿರುವುದರಿಂದ ಹಬ್ಬದಲ್ಲಿ ಮೊದಲ ತಟ್ಟೆ ಅವಳಿಗೇ. ಗಾಳಿ ತುಂಬಿದ ಉಡುಪು ತೊಟ್ಟು, ಗಾಳಿಯಿಲ್ಲದ ಸುರಂಗದಲ್ಲಿ ಇಲ್ಲಿಂದ ಎರಡು ಗಂಟೆ ನಡೆದರೆ ಕೆಳಕೇರಿ. ಅಲ್ಲಿಯವರು ನಮಗಿಂತ ಮೊದಲು ಬಂದವರು, ಹತ್ತು ದೇಶಗಳಿಂದ ಬಂದ ಅಗೆಯುವವರ ಮಕ್ಕಳು ಮೊಮ್ಮಕ್ಕಳು. ಅವರು ಮಂಜುಗಡ್ಡೆ ಕಡಿದು ತಂದು ಕೊಡುತ್ತಾರೆ, ನಾವು ರಾಗಿ, ಬಟ್ಟೆ ಕೊಡುತ್ತೇವೆ. ಜೊತೆಯಲ್ಲಿ ಕೂತು ಉಣ್ಣುವುದಿಲ್ಲ. ಯಾರೂ ಬೇಡ ಎಂದಿಲ್ಲ, ಆದರೂ ಉಣ್ಣುವುದಿಲ್ಲ. ಕೋಟಿಗಟ್ಟಲೆ ಮೈಲಿ ದಾಟಿ ಬರುವಾಗ ತಿಜೋರಿ, ಪಾತ್ರೆ, ದೇವರ ಪಟ ಎಲ್ಲ ಬಿಟ್ಟು ಬಂದ ನಮ್ಮ ಹಿರಿಯರು ಕೇರಿ ಎನ್ನುವ ಮಾತನ್ನು ಮಾತ್ರ ಜೋಪಾನವಾಗಿ ಗಂಟು ಕಟ್ಟಿಕೊಂಡು ಬಂದರು.

ಊಟ ಆದ ಮೇಲೆ ಇಲ್ಲಿ ಎಲ್ಲರೂ ಆಟ ಆಡುತ್ತಾರೆ. ಕಣ್ಪಟ್ಟಿ ಎಂಬ ಸಾಧನವನ್ನು ಕಣ್ಣಿಗೆ ಕಟ್ಟಿಕೊಂಡರೆ ಸಾಲು ಸಾಲು ಜನ ಒಂದೇ ಆಟದೊಳಗೆ ಹೋಗುತ್ತಾರೆ. ನಾನೂ ದ್ಯಾವಪ್ಪ ಎಂಬ ನನ್ನ ಜೊತೆಗಾರನೂ ಸೇರಿ 'ಗಡಿ ಕಾವಲು' ಎಂಬ ಆಟ ಕಟ್ಟಿದೆವು. ಶತ್ರು ಯಾರಾಗಬೇಕು ಎನ್ನುವಲ್ಲಿ ನಮಗೆ ಜಗಳ ಹತ್ತಿತು. ಶತ್ರುವಿಗೂ ಒಂದು ಆಸೆ ಬೇಕು, ಹಸಿವು ಬೇಕು, ಇಲ್ಲದಿದ್ದರೆ ಅದು ಬರೀ ಗುರಿಹಲಗೆ, ಹತ್ತು ದಿನದಲ್ಲಿ ಜನಕ್ಕೆ ಬೇಸರ ಬರುತ್ತದೆ ಎಂದು ಅವನ ವಾದ. ಗೊತ್ತಾದದ್ದಕ್ಕೆ ಯಾರೂ ಹೆದರುವುದಿಲ್ಲ, ಕತ್ತಲಲ್ಲಿ ಹಗ್ಗವೂ ಹಾವು, ಆ ಕತ್ತಲೇ ನನ್ನ ಬಂಡವಾಳ ಎಂದು ನನ್ನ ವಾದ. ಇಬ್ಬರದ್ದೂ ಪರೀಕ್ಷೆಗೆ ಬಿಟ್ಟೆವು. ಅವನ ಶತ್ರುಗಳು ಮರಿಗಳಿಗೆ ಉಣಿಸುವುದನ್ನು ಕಂಡು ಜನ ಬಂದೂಕು ಕೆಳಗಿಟ್ಟು ನೋಡುತ್ತಾ ನಿಂತರು, ಆಮೇಲೆ ಎದ್ದು ಹೋದರು. ನನ್ನ ಶತ್ರುಗಳಿಗೆ ಮುಖವಿಲ್ಲ, ಊರಿಲ್ಲ, ಬರುವುದಕ್ಕೆ ಕಾರಣವಿಲ್ಲ. 'ಕಾಣದವರು' ಎಂದು ಹೆಸರಿಟ್ಟೆ. ಇಡೀ ಮೇಲ್ಕೇರಿ ಹನ್ನೊಂದು ವರ್ಷ ಅವರ ಜೊತೆ ಕಾದಾಡಿತು. ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ.

ಕಾಣದವರು ಕಾಣುವುದಿಲ್ಲವಾದ್ದರಿಂದ ಅವರಿಗೊಂದು ಸದ್ದು ಬೇಕಿತ್ತು. ಉಗ್ರಾಣದ ಹಳೆಯ ಧ್ವನಿಮುದ್ರಣಗಳಲ್ಲಿ ಹುಡುಕಿದೆ. ಕೆಳಕೇರಿಯದು ಎಂದು ಚೀಟಿ ಅಂಟಿಸಿದ್ದ ಒಂದರಲ್ಲಿ ಕಬ್ಬಿಣದ ಸಲಾಕೆಯನ್ನು ಬಾಗಿಲ ಮೇಲೆ ಉದ್ದಕ್ಕೆ ಕೆರೆದ ಸದ್ದು ಇತ್ತು, ಆಮೇಲೆ ಎರಡು ಬಡಿತ. ಕೇಳಿದೊಡನೆ ನನ್ನ ಮೈ ಜುಂ ಎಂದಿತು. ಅದರ ಅಡಿಯಲ್ಲಿ ಗುಂಯ್‌ಗುಡುವ ಇನ್ನೊಂದು ದನಿ ಸೇರಿಸಿ ಆಟಕ್ಕೆ ಹಾಕಿದೆ. ಆ ಸದ್ದು ಕೇಳಿದರೆ ಐದು ಎಣಿಸುವುದರೊಳಗೆ ಗಾಳಿಮನೆಯ ಎರಡೂ ಬಾಗಿಲಿಗೆ ಅಗುಳಿ ಹಾಕಬೇಕು, ತಡವಾದರೆ ಆಟ ಮುಗಿಯಿತು. ಅದು ಏನು ಸದ್ದು ಎಂದು ಕೆಳಕೇರಿಯವರನ್ನು ಕೇಳಿಬಿಡು ಎಂದು ದ್ಯಾವಪ್ಪ ಹೇಳಿದ. ನಾನು ಕೇಳಲಿಲ್ಲ. ಮಂಜುಗಡ್ಡೆ ತರುತ್ತಿದ್ದ ಇರ್ಮಾ ಎಂಬ ಹೆಂಗಸು, ನನ್ನ ವಾರಿಗೆಯವಳೇ, ಒಂದು ದಿನ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಆ ಸದ್ದು ಕೇಳಿಸಿಕೊಂಡಳು. ಅವಳ ಮುಖ ಬದಲಾಯಿತು. ಚನ್ನಾಜಕ್ಕಾ, ಇದು ಏನು ಗೊತ್ತಾ ಎಂದು ಶುರುಮಾಡಿದಳು. ನಾನು ನಗುತ್ತಾ ಕೈ ಅಡ್ಡ ಹಿಡಿದೆ.

"ಬೇಡಮ್ಮ, ಹೇಳಬೇಡ. ಗೊತ್ತಾದರೆ ಅದರ ಮಜಾನೇ ಹೋಗುತ್ತೆ."

ಅವಳು ಬಂಡಿ ಎಳೆದುಕೊಂಡು ಹೊರಟುಹೋದಳು. ಕೂರು ಎಂದು ನಾನೂ ಹೇಳಲಿಲ್ಲ.

ಒಂಬತ್ತು ವರ್ಷದ ಹಿಂದೆ, ಮಧ್ಯಾಹ್ನದ ಊಟ ಆದ ಹೊತ್ತಿನಲ್ಲಿ, ಸುರಂಗದ ಬಾಗಿಲಲ್ಲಿ ನನ್ನ ಮಗಳು ಅಮ್ಮಣ್ಣಿ ಬಾಗಿಲಮ್ಮನಾಗಿ ಕೂತಿದ್ದಳು. ಇಪ್ಪತ್ತಾರು ವರ್ಷ ಅವಳಿಗೆ, ಆ ಕೆಲಸ ಸಿಕ್ಕಿದ್ದಕ್ಕೆ ಊರಿಗೆಲ್ಲ ನಾನೇ ಬೆಲ್ಲ ಹಂಚಿದ್ದೆ. ಕೆಳಕೇರಿಯಿಂದ ಬಂಡಿ ಎಳೆದುಕೊಂಡು ಬರುತ್ತಿದ್ದ ಇರ್ಮಾ ಮತ್ತು ಅವಳ ಇಬ್ಬರು ತಮ್ಮಂದಿರಲ್ಲಿ ಒಬ್ಬನ ಉಡುಪು ಹರಿದು ಗಾಳಿ ಸೋರಿತ್ತು. ಉಳಿದಿಬ್ಬರು ತಮ್ಮ ಗಾಳಿಯನ್ನೇ ಹಂಚಿಕೊಂಡು ಬಾಗಿಲತನಕ ಅವನನ್ನು ಎಳೆದು ತಂದರು. ಕರೆಗಂಟೆ ಕೆಟ್ಟಿತ್ತು, ನೋಡುವ ಗಾಜಿಗೆ ಮಂಜು ಕಟ್ಟಿತ್ತು. ಇರ್ಮಾ ಸಲಾಕೆ ತೆಗೆದು ಬಾಗಿಲ ಮೇಲೆ ಉದ್ದಕ್ಕೆ ಕೆರೆದಳು, ಎರಡು ಸಲ ಬಡಿದಳು. ಅಮ್ಮಣ್ಣಿ ಎರಡೂ ಬಾಗಿಲಿಗೆ ಅಗುಳಿ ಹಾಕಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಕಾಲು ಗಂಟೆ ಕಳೆದು ಸದ್ದು ನಿಂತ ಮೇಲೆ ಅವಳಿಗೆ ತಾನು ಎಲ್ಲಿದ್ದೇನೆ ಎಂಬ ಅರಿವು ಬಂತು. ತೆಗೆದಾಗ ಮೂವರೂ ಹೊಸ್ತಿಲಲ್ಲೇ ಬಿದ್ದಿದ್ದರು. ಯಾರಲ್ಲೂ ಉಸಿರಿರಲಿಲ್ಲ.

ವಿಚಾರಣೆಗೆ ಕೆಳಕೇರಿಯ ಹಿರಿಯರು ಬಂದರು. ಉದ್ದಕ್ಕೆ ಕೆರೆದರೆ ನಾವಿಲ್ಲಿದ್ದೇವೆ ಎಂದರ್ಥ, ಎರಡು ಬಡಿದರೆ ಉಸಿರು ಮುಗಿಯುತ್ತಿದೆ ಎಂದರ್ಥ ಎಂದು ಅವರು ಮೇಜಿನ ಮೇಲೆ ಬೆರಳಿನಿಂದ ಮಾಡಿ ತೋರಿಸಿದರು. ನಮ್ಮ ಬಾಗಿಲಲ್ಲಿ ಆ ಸದ್ದು ಕೇಳದೆ ಒಂದು ತಲೆಮಾರೇ ಕಳೆದಿತ್ತು, ನಮ್ಮವರಿಗೆ ಯಾರಿಗೂ ಗೊತ್ತಿರಲಿಲ್ಲ. ಮೇಜಿನ ಮೇಲೆ ಕೇಳಿದ್ದಕ್ಕೂ ಆಟದಲ್ಲಿ ಕೇಳಿದ್ದಕ್ಕೂ ಯಾರೂ ನಂಟು ಹಾಕಲಿಲ್ಲ. ಯಾಕೆ ತೆಗೆಯಲಿಲ್ಲ ಎಂದು ಕೇಳಿದರೆ ನನ್ನ ಮಗಳು, ಗೊತ್ತಿಲ್ಲ, ಕೈ ತಾನಾಗಿ ಹೋಯಿತು ಎಂದಷ್ಟೇ ಹೇಳಿದಳು. ಕೆಳಕೇರಿಯವರೆಂದು ಬೇಕೆಂದೇ ಮುಚ್ಚಿದಳು ಎಂದು ಕೆಲವರು, ನಿದ್ದೆ ಹೊಡೆದಳು ಎಂದು ಕೆಲವರು. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ನನಗೆ ಎಲ್ಲ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ. ಅಷ್ಟೇ ಅಲ್ಲ, ಆ ವಾರವೇ ಆಟದೊಳಗಿನ ಸದ್ದು ಬದಲಾಯಿಸಿ, ಸುಧಾರಣೆ ಎಂದು ಫಲಕ ಹಾಕಿದೆ. ಹಳೆಯದೇ ಚೆನ್ನಾಗಿತ್ತು ಎಂದು ಜನ ಗೊಣಗಿದರು. ಥೂ, ನನ್ನ ಜನ್ಮಕ್ಕೆ.

ದ್ಯಾವಪ್ಪನೊಬ್ಬನಿಗೆ ಗೊತ್ತಿತ್ತು. ನಾನು ಹೇಳಿದರೆ ಚಾಡಿಯಾಗುತ್ತದೆ, ನೀನೇ ಹೇಳು ಎಂದು ಒಂದೇ ಸಲ ಹೇಳಿ ನನ್ನ ಜೊತೆ ಮಾತು ಬಿಟ್ಟ. ಹೋದ ವರ್ಷ ತೀರಿಕೊಂಡ. ಅಲ್ಲಿಗೆ ನಾನು ನಿಶ್ಚಿಂತೆಯಾಗಬಹುದಿತ್ತು. ಹಾಗೆ ಒಂದು ಗಳಿಗೆ ಅನ್ನಿಸಿತು ಕೂಡ. ಅದನ್ನೂ ಬರೆದಿಡುತ್ತೇನೆ.

ಅಮ್ಮಣ್ಣಿಯನ್ನು ಬಾಗಿಲಿಂದ ತೆಗೆದುಹಾಕಿದರು. ಈಗ ರಾಗಿ ಹೊಲದ ದೀಪ ಒರೆಸುತ್ತಾಳೆ. ಊಟದ ಮನೆಯಲ್ಲಿ ಅವಳ ಪಕ್ಕ ಯಾರೂ ಕೂರುವುದಿಲ್ಲ. ಕೆಲಸ ಮುಗಿಸಿ ನನ್ನ ಮನೆಗೆ ಬಂದು ನನ್ನ ತಲೆ ಬಾಚುತ್ತಾಳೆ, ಕಾಲಿಗೆ ಎಣ್ಣೆ ತಿಕ್ಕುತ್ತಾಳೆ, ನಾನು ಮಹಾರಾಣಿಯ ಹಾಗೆ ತಿಕ್ಕಿಸಿಕೊಳ್ಳುತ್ತೇನೆ. ಹೋದ ತಿಂಗಳು ಮುದ್ದೆ ಬಡಿಸಿ ನನ್ನೆದುರು ಕೂತಳು. "ಅವ್ವಾ, ಹುಟ್ಟಿದಾಗಿಂದಲೇ ನನ್ನೊಳಗೆ ಕೆಟ್ಟದ್ದು ಏನಾದರೂ ಇತ್ತಾ?" ಎಂದು ಕೇಳಿದಳು. ಆರಿಹೋಗುತ್ತೆ, ಉಣ್ಣು ಎಂದೆ. ಉಂಡಳು.

ಆಟ ಕಟ್ಟುವವರೇ, ನಿಮ್ಮಲ್ಲಿ ಒಂದು ಬೇಡಿಕೆ. ಶತ್ರುವನ್ನು ಆಡುವವರಿಂದ ಬಚ್ಚಿಡಿ, ಬೇಡ ಎನ್ನುವುದಿಲ್ಲ, ಅದು ಕಸುಬು. ನಿಮ್ಮಿಂದ ಮಾತ್ರ ಬಚ್ಚಿಡಬೇಡಿ. ಅವನ ಸದ್ದು, ನಡಿಗೆ, ಮೈಬಣ್ಣ ಎಲ್ಲಿಂದ ತಂದಿರಿ, ಅದು ಯಾರದ್ದು, ಅವರ ಬಾಯಲ್ಲಿ ಅದಕ್ಕೇನು ಅರ್ಥ ಎಂದು ಕೇಳಿ ತಿಳಿದುಕೊಳ್ಳಿ. ಹೇಳಲು ಬಂದವರ ಎದುರು ಕೈ ಅಡ್ಡ ಹಿಡಿಯಬೇಡಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನದು ಆ ಬುದ್ಧಿ. ನಿಮ್ಮ ಒಲೆಯ ಮೇಲೆ ಇನ್ನೂ ಎಸರಿದೆ.

ನಿಮಗೆ ಬರೆದ ಹಾಗೆ ಮಾಡಿ ನಾನು ಬೇರೆಯವರಿಗೂ ಬರೆದಿದ್ದೇನೆ, ಕ್ಷಮಿಸಿ. ಹಿಂದಿನ ಕಾಲಕ್ಕೆ ಹೋಗುವ ಕಾಗದವನ್ನು ಕಳಿಸುವ ಮುಂಚೆ ಬರೆದವರೇ ಊಟದ ಮನೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಬೇಕೆಂಬುದು ನಮ್ಮ ಊರ ಕಟ್ಟಳೆ. ಅದಕ್ಕಾಗಿಯೇ ಈ ಸರದಿಯನ್ನು ಕೇಳಿ ಪಡೆದೆ. ನೇರ ಎದ್ದು ನಿಂತು ಹೇಳುವ ಧೈರ್ಯ ಒಂಬತ್ತು ವರ್ಷದಲ್ಲಿ ನನಗೆ ಬರಲಿಲ್ಲ, ಕೈಯಲ್ಲಿ ಕಾಗದ ಇದ್ದರೆ ಕೊನೆಯತನಕ ಓದಿಬಿಡುತ್ತೇನೇನೋ ಎಂದುಕೊಂಡೆ. ಕೆಳಕೇರಿಯವರಿಗೂ ಹೇಳಿಕಳಿಸಿದ್ದೇನೆ. ಬರುತ್ತೇವೆ ಎಂದಿದ್ದಾರೆ. ಇರ್ಮಾಳ ಮನೆಯವರು ಏನು ಮಾಡಿದರೂ ಸರಿಯೇ, ಕ್ಷಮೆ ಕೇಳುವ ಮುಖ ನನಗಿಲ್ಲ.

ಅಮ್ಮಣ್ಣಿ, ಇಷ್ಟು ಹೊತ್ತಿಗೆ ಎಲ್ಲರೂ ತಿರುಗಿ ನಿನ್ನನ್ನೇ ನೋಡುತ್ತಿರುತ್ತಾರೆ. ನೋಡಲಿ, ನೀನು ತಲೆ ತಗ್ಗಿಸಬೇಡ. ಹನ್ನೊಂದು ವರ್ಷ ದಿನಾ ಊಟ ಆದ ಮೇಲೆ ಆ ಅಗುಳಿ ಹಾಕುವುದನ್ನು ನಿನ್ನ ಕೈಗೆ ಕಲಿಸಿದವಳು ನಾನು, ಕಲಿತದ್ದಕ್ಕೆ ಬೆನ್ನು ತಟ್ಟಿದವಳೂ ನಾನೇ. ಹೋದ ತಿಂಗಳು ನೀನು ಕೇಳಿದ್ದಕ್ಕೆ ಉಣ್ಣು ಎಂದೆನಲ್ಲ. ಇಲ್ಲ ಮಗಳೇ. ನಿನ್ನೊಳಗೆ ಏನೂ ಇರಲಿಲ್ಲ.

ಚನ್ನಾಜಮ್ಮ