ಒಳಗೋಡೆಗೆ ಕವುದಿ ಬೇಡ

ಶಹಾಬಾದ,
ಎರಡನೇ ಮೇ ತಿಂಗಳ ಒಂಬತ್ತು, 2187

ನೂರಾರು ವರ್ಷದ ಹಿಂದೆ ಈ ಮನೆ ಕಟ್ಟುತ್ತಿರುವ ಅಜ್ಜನಿಗೆ,

ತಾರೀಖು ನೋಡಿ ನಗಬೇಡ. ಬಿಸಿಲು ಮುಗಿಯುವುದೇ ಇಲ್ಲವೆಂದು ನಮ್ಮಲ್ಲಿ ಮೇ ತಿಂಗಳನ್ನು ಎರಡು ಸಲ ಎಣಿಸುತ್ತಾರೆ. ನಾನು ಓದಿದ್ದು ಹತ್ತನೆಯವರೆಗೆ ಮಾತ್ರ. ತಿಳಿಯದ ಮಾತು ಬಂದರೆ ಹೊಟ್ಟೆಗೆ ಹಾಕಿಕೋ.

ನಿನ್ನ ಕಲ್ಲಿನ ಗೋಡೆಗೆ ಹೊರಗಿನಿಂದ ಗೋಡೆಕವುದಿ ಹೊದಿಸಿ ಅರವತ್ತು ವರ್ಷವಾಯಿತು. ತೊಗರಿಹೊಟ್ಟನ್ನು ಸುಣ್ಣದಲ್ಲಿ ಕಲಸಿ ಗೇಣು ದಪ್ಪ ಮೆತ್ತಿದ ಪದರ ಅದು. ಬಿಸಿಲನ್ನು ಹೊರಗೇ ತಡೆಯುತ್ತದೆ. ಈಗ ಮನೆಗಳ ಕಾವಿನ ಮೇಲೆ ಕಣ್ಣಿಡುವ ಸರ್ಕಾರದ ತಂಪುಕಚೇರಿಯವರು ಒಳಗೂ ಒಂದು ಪದರ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸದ ಮನೆಯಲ್ಲಿ ಬಾಣಂತನಕ್ಕೆ ಪರವಾನಗಿ ಇಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿರುವ ಅಕ್ಕ ಜಗದೇವಿಗೆ ದಿನ ತುಂಬುತ್ತಿದೆ. ಪರವಾನಗಿ ಸಿಗದಿದ್ದರೆ ಅವಳನ್ನು ನೆಲದಡಿಯ ತಂಪುಸಾಲೆಗೆ ಒಯ್ಯುತ್ತಾರೆ. ಅಲ್ಲಿಗೆ ನಮ್ಮನ್ನು ಯಾರನ್ನೂ ಬಿಡುವುದಿಲ್ಲ.

ಪಕ್ಕದ ಮನೆಯ ಹಣಮಂತ ಕಾಕಾ ಬಂದು, "ಹಾಕಿಸಿಬಿಡು ಲೇ ಮಲ್ಕಣ್ಣ. ಅಂಗಿ ಮ್ಯಾಲ ಇನ್ನೊಂದ್ ಅಂಗಿ, ಏನ್ ಹೋಗ್ತದ?" ಎಂದ.

"ನೀ ಹೋದ ವರ್ಷಾನೇ ಹಾಕಿಸೀದಿ. ಮತ್ಯಾಕ ದಿನಾ ಮಧ್ಯಾಹ್ನ ನಮ್ಮನ್ಯಾಗ ಬಂದು ಬೀಳ್ತಿ?" ಎಂದೆ ನಾನು.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಮ್ಮ ಓಣಿಯಲ್ಲಿ ಒಂದು ರೂಢಿ ಇದೆ, ಗೋಡೆಗೆ ಗಾಳಿ ಕುಡಿಸುವುದು. ನಸುಕಿನಲ್ಲಿ ಒಂದು ತಾಸು ಕಿಟಕಿ ತೆರೆದು, ಸೂರ್ಯ ಏಳುವ ಮೊದಲೇ ಮುಚ್ಚುತ್ತೇವೆ. ಕಲ್ಲು ಆ ತಂಪನ್ನು ಹಿಡಿದಿಟ್ಟುಕೊಂಡು ಇಡೀ ದಿನ ಕೊಡುತ್ತದೆ. ಕಾಕಾ ಒಳಗೂ ಕವುದಿ ಹೊದಿಸಿದ. ಗಾಳಿ ಕುಡಿಸಿದರೂ ಕಲ್ಲಿಗೆ ಮುಟ್ಟಲಿಲ್ಲ. ಒಲೆಯ ಹಬೆ ಸಂದಿಯಲ್ಲಿ ಸೇರಿ ಬೂಸ್ಟು ಹಿಡಿಯಿತು, ಮನೆಯೆಲ್ಲ ನಾರಿತು.

ಹಾಗಾದರೆ ನಮ್ಮ ಮನೆಗೆ ಕಾವು ಬರುವುದು ಎಲ್ಲಿಂದ? ಮಧ್ಯಾಹ್ನ ಮೂರು ಗಂಟೆಗೆ ಒಳಗಿನಿಂದ ಏಣಿ ಹತ್ತಿ ಚಾವಣಿಗೆ, ಮಾಳಿಗೆಯ ತಳಕ್ಕೆ, ಅಂಗೈ ಇಟ್ಟೆ. ಚುರ್ ಎಂದಿತು. ಗೋಡೆ ತಣ್ಣಗಿತ್ತು. ಕಚೇರಿಯ ಫಾರ್ಮಿನಲ್ಲಿ ಮಾಳಿಗೆಗೆ ಖಾನೆಯೇ ಇಲ್ಲ!

ನನ್ನ ಲೆಕ್ಕ ತಪ್ಪಿದರೆ ಬೇಯುವವಳು ಅಕ್ಕ. ಅದಕ್ಕೇ ಅವಳನ್ನೇ ಕೇಳಿದೆ. ಗೋಡೆಗೆ ಬೆನ್ನು ಕೊಟ್ಟು ಕೂತವಳು, "ಈ ಕಲ್ಲ ಬಿಟ್ಟು ನಾ ಎಲ್ಲೂ ಹೋಗಂಗಿಲ್ಲ. ನೀ ಮಾಳಿಗಿ ನೋಡ್ಕೊ ಹೋಗು," ಎಂದಳು.

ಅಜ್ಜಾ, ನಿನ್ನಲ್ಲಿ ಕೇಳುವುದು ಇಷ್ಟೇ. ಒಳಗಿನ ಕಲ್ಲನ್ನು ಬರಿದಾಗಿಯೇ ಬಿಡು. ಮಾಳಿಗೆಯನ್ನು ಮಾತ್ರ ದಪ್ಪಗೆ ಕಟ್ಟು, ನಮ್ಮ ಕೆಲಸ ಉಳಿಯುತ್ತದೆ.

ನಿನ್ನೆಯಿಂದ ನಾನೂ ಗೆಳೆಯರೂ ಮಾಳಿಗೆಯ ಮೇಲೆ ಹೊಟ್ಟು ಮೆತ್ತುತ್ತಿದ್ದೇವೆ, ಅರ್ಧ ಮುಗಿದಿದೆ. ಸೋಮವಾರ ಕಚೇರಿಯವರು ಬರುತ್ತಾರಂತೆ. ಮಾಳಿಗೆಯ ಕೆಲಸಕ್ಕೆ ಕೈ ಹಚ್ಚುವುದಾದರೆ ಏಣಿ ನಾನೇ ಹಿಡಿಯುತ್ತೇನೆ. ಒಳಗೋಡೆಗೆ ಕವುದಿ ಹೊದಿಸಲು ಬಂದರೆ ಹೊಸ್ತಿಲು ದಾಟಲು ಬಿಡುವುದಿಲ್ಲ.

ನಿನ್ನ ಮನೆಯವ,
ಮಲ್ಕಣ್ಣ