ದೀಪದ ಬೆಳಕೇ ಸಾಕೆನ್ನುವ ಕ್ಯಾಮೆರಾ

ಹಡಪಸರ, ಪುಣೆ
೨೭ ಅಕ್ಟೋಬರ್ ೨೦೦೬

ಪ್ರೀತಿಯ ಆಯಿ,

ಬಂತು ಆಯಿ, ಬರೀ ದೀಪದ ಬೆಳಕಿನಲ್ಲಿ ನಿನ್ನ ಮುಖ ಹಿಡಿಯಬಲ್ಲ ಕ್ಯಾಮೆರಾ ನಮ್ಮ ಮನೆಗೆ ಬಂತು. ಖುಷಿಯಲ್ಲಿ ನಿನ್ನ ಆರೋಗ್ಯ ಕೇಳುವುದನ್ನೇ ಮರೆತೆ ನೋಡು. ಆಪರೇಷನ್ ಆದ ಕಣ್ಣು ಹೇಗಿದೆ? ಔಷಧದ ಹನಿ ತಪ್ಪದೆ ಹಾಕಿಸಿಕೊಳ್ಳುತ್ತಿದ್ದೀಯಾ? ಇಂದೂ ಚಿಗವ್ವ, ಇದನ್ನು ಆಯಿಗೆ ಓದಿ ಹೇಳುವವಳು ನೀನೇ ಎಂದು ಗೊತ್ತು. ನನ್ನ ಅಕ್ಷರ ಕಂಡು ನನ್ನನ್ನು ಬೈಯಬೇಡ, ನನ್ನ ಕಾನ್ವೆಂಟನ್ನು ಬೈ.

ನಮ್ಮ ಮದುವೆಯ ಸೀಡಿ ಹಾಕಿದಾಗಲೆಲ್ಲ ನನಗೆ ಅಳು ಬರುತ್ತಿತ್ತು. ಎಲ್ಲರೂ ಇದ್ದಾರೆ, ನೀನಿಲ್ಲ. ವಿಡಿಯೋದವನು ಆ ದೊಡ್ಡ ಲೈಟನ್ನು ನೇರ ನಿನ್ನ ಮುಖಕ್ಕೇ ಹಿಡಿದ. ನೀನು ಸೆರಗು ಎಳೆದುಕೊಂಡು ‘ಕಣ್ಣ ಸುಡಾಕತ್ತಾವ, ನಿಮ್ಮ ಶೂಟಿಂಗ ನಿಮಗ ಇರಲಿ’ ಎಂದು ದೇವರ ಕೋಣೆ ಸೇರಿದೆ. ಅಲ್ಲಿ ದೀಪದ ಬೆಳಕಿನಲ್ಲೇ, ನಾವೆಲ್ಲ ಕಾಡಿದ ಮೇಲೆ ಒಡಪು ಕಟ್ಟಿ ಅಜ್ಜನ ಹೆಸರು ಹೇಳಿದೆಯಲ್ಲ, ‘ಕರಿ ಹೊಲದಾಗ ಬಿಳಿ ಜೋಳ, ಹೊಳಬಸಪ್ಪನವರ ಮಾತು ಬೆಲ್ಲದ ಹೋಳ’ ಎಂದು. ಅದನ್ನು ನಿನ್ನ ಅಳಿಯ, ಅಂದರೆ ನಮ್ಮ ಮನೆಯವರು, ತಮ್ಮ ಸಣ್ಣ ಹ್ಯಾಂಡಿಕ್ಯಾಮ್‌ನಲ್ಲಿ ಹಿಡಿದಿದ್ದರು. ದನಿ ಚೆನ್ನಾಗಿ ಬಂತು, ಮುಖ ಇರಬೇಕಾದಲ್ಲಿ ರವೆ ಚೆಲ್ಲಿದಂತೆ ಬರೀ ಚುಕ್ಕಿ. ಟಿವಿಯಲ್ಲಿ ನೋಡಿ ನೀನು ‘ಇದೇನ್ ನಾನೋ, ಹಿಟ್ಟಿನ ಗಿರಣಿಯೋ’ ಎಂದು ನಕ್ಕೆ. ನಕ್ಕ ಮೇಲೆ, ಇನ್ನು ಯಾವ ಕ್ಯಾಮೆರಾದ ಮುಂದೂ ಕೂರುವುದಿಲ್ಲ ಎಂದುಬಿಟ್ಟೆ. ನೀನು ಅಂದರೆ ಮುಗಿಯಿತು, ಅದೇ ನನಗೆ ಚಿಂತೆ.

ಆದರೆ ತಪ್ಪು ನಿನ್ನದಲ್ಲ, ಅಳಿಯನದೂ ಅಲ್ಲ. ಲೆನ್ಸಿನ ಹಿಂದೆ ಬೆಳಕು ಬಂದು ಬೀಳುವ ಒಂದು ಪುಟ್ಟ ಬಿಲ್ಲೆ ಇರುತ್ತದೆ, ಸೆನ್ಸರ್ ಎನ್ನುತ್ತಾರೆ. ತುಂತುರು ಮಳೆಗೆ ಅಂಗಳದಲ್ಲಿ ಲೋಟ ಇಟ್ಟರೆ ತಳವಷ್ಟೇ ಒದ್ದೆ, ಅಗಲದ ಪರಾತ ಇಟ್ಟರೆ ಒಂದು ತಂಬಿಗೆ ನೀರು ಸಿಗುತ್ತದಲ್ಲ, ಹಾಗೆಯೇ ಇದು. ಹಳೆಯದರ ಸೆನ್ಸರ್ ಎಳ್ಳುಕಾಳಿನಷ್ಟು. ಬೆಳಕು ಸಾಲದಿದ್ದಾಗ ಅದು ತಾನೇ ಎಳೆದಾಡಿ ಚಿತ್ರವನ್ನು ಬೆಳಗಿಸಲು ಹೋಗಿ ಚುಕ್ಕಿ ತುಂಬುತ್ತದೆ. ಹೊಸದರದು ತೊಗರಿಬೇಳೆಯಷ್ಟು. ನಗಬೇಡ, ಎಳ್ಳಿಗೂ ಬೇಳೆಗೂ ಎಷ್ಟು ವ್ಯತ್ಯಾಸ ಎಂದು ನಿನಗಿಂತ ಯಾರಿಗೆ ಗೊತ್ತು.

ಹೊಸದೆಂದರೆ ನಮಗೆ ಹೊಸದು ಅಷ್ಟೇ. ವಿಮಾನ ನಗರದ ಸ್ಟುಡಿಯೋ ಒಂದರವರು ಬಳಸಿ ಬಿಟ್ಟದ್ದು, ಎತ್ತಿಕೊಂಡರೆ ತುಂಬಿದ ಕೊಡದಷ್ಟು ಭಾರ. ನಾನು ಅಂಗಡಿಯಲ್ಲಿ ಕಂಡ ಅಂಗೈಯಗಲದ ಬೆಳ್ಳಿ ಬಣ್ಣದ್ದಕ್ಕೆ ಹಠ ಹಿಡಿದಿದ್ದೆ, ಅದರ ಝೂಮ್ ಭಾರೀ ಇತ್ತು. ಇವರು ‘ಝೂಮ್ ತೊಗೊಂಡ್ ಏನ್ ಮಾಡ್ತಿ? ಆಯಿ ನಮ್ಮ ಎದುರಿಗೇ ಕೂಡತಾರಲ್ಲ’ ಎಂದರು. ನಿನ್ನೆ ಸಂಜೆ ಟ್ಯೂಬ್‌ಲೈಟ್ ಆರಿಸಿ, ಸಮೆಯ ದೀಪ ಹಚ್ಚಿ, ನನ್ನನ್ನೇ ಕೂರಿಸಿ ನೋಡಿದರು. ಮೂಗುಬೊಟ್ಟಿನ ಮಿಣುಕು, ಕಣ್ಣಿನ ಕಾಡಿಗೆ ಎಲ್ಲ ಸ್ಪಷ್ಟ, ಹಿಂದಿನ ಕತ್ತಲು ಕೂಡ ಕತ್ತಲಾಗಿಯೇ ಬಂದಿದೆ. ನಮ್ಮತ್ತೆ ಟಿವಿಗೆ ಮೂಗು ತಾಗಿಸಿ ನೋಡಿ, ‘ಇದರಾಗ ಸೊಸಿ ಭಾಳ ಶಾಣ್ಯಾ ಕಾಣಸ್ತಾಳ, ಮನ್ಯಾಗೂ ಹಿಂಗ ಇದ್ದರ ಛಲೋ ಇತ್ತು’ ಎಂದರು. ನಾನೇ ಮೊದಲು ನಕ್ಕೆ.

ಚಿಗವ್ವನಿಗೆ, ಕಾಕಾನಿಗೆ ನಮ್ಮ ನಮಸ್ಕಾರ. ನಿನ್ನ ಪಾದಕ್ಕೆ ಬಂದೇ ಬೀಳುತ್ತೇನೆ.

ನಿನ್ನ ಮುದ್ದಿನ ಮೊಮ್ಮಗಳು,
ರೇಣು

ತಾ.ಕ.: ದೀಪಾವಳಿಗೆ ಇವರಿಗೆ ರಜೆ ಸಿಗಲಿಲ್ಲ, ಗೌರಿ ಹುಣ್ಣಿಮೆಗೆ ಸಿಕ್ಕಿದೆ. ಗೌರಿಗೆ ಸಕ್ಕರೆ ಗೊಂಬೆಗಳ ಆರತಿ ಬೆಳಗುವಾಗ ನೀನು ಆರತಿಯ ಹತ್ತಿರ ಕುಳಿತು ಆ ಒಡಪನ್ನು ಇನ್ನೊಮ್ಮೆ ಹೇಳಬೇಕು, ಅಷ್ಟೇ. ಲೈಟ್ ತರುವುದಿಲ್ಲ, ಅಜ್ಜನಾಣೆ. ನೀನು ಮುಖದ ಮೇಲಿನ ಸೆರಗು ತೆಗೆದರೆ ಸಾಕು. ಒಲ್ಲೆ ಎನ್ನುವುದಿದ್ದರೆ ನನ್ನ ಮುಖ ನೋಡಿಯೇ ಅನ್ನು. ನಾವು ಬರುವುದು ನವೆಂಬರ್ ನಾಲ್ಕು, ಶನಿವಾರ, ಮಿರಜ್ ಕಡೆಯಿಂದ ಧಾರವಾಡಕ್ಕೆ ಬರುವ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್.