ಮೇಜಿನ ಕಾಲಡಿಯ ಕಾಗದ

ಬಡಗಿ ಅಂಗಡಿಯ ಹಿಂದಿನ ಕೋಣೆ
ಸೋಮವಾರ ಬೆಳಿಗ್ಗೆ, ೧೨ ಜೂನ್ ೧೯೮೯

ಪ್ರೀತಿಯ ಮಗಳು ಮೊಳೆಗೆ,

ಹುಟ್ಟಿದಾರಭ್ಯ ಒಂದೇ ಒಂದು ಸುಳ್ಳಾಡದ, ಮಾಡಿದ ಮೇಜು ಒಂದೂ ಅಲ್ಲಾಡದ, ಈ ಭೂಮಿಯ ಮೇಲಿನ ಏಕೈಕ ಬಡಗಿಯಾದ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು. ಆರೋಗ್ಯವಾಗಿದ್ದೀಯಾ? ಮೊಳೆ ಎಂದು ನಾನಿಟ್ಟ ಅಡ್ಡಹೆಸರು ಮರೆತಿಲ್ಲ ತಾನೇ? ನೀನು ಕಟ್ಟಿಕೊಂಡ ಲಾರಿ ಡ್ರೈವರ್ ಸಾಹೇಬರು ಕ್ಷೇಮವೇ? ಈಗಲಾದರೂ ಹಾರ್ನ್ ಹೊಡೆಯದೆ ಮನೆಯೊಳಗೆ ಬರುತ್ತಾರೆಯೇ? ಪುಟ್ಟಿಯ ಕೆಮ್ಮು ವಾಸಿಯಾಯಿತೇ? ಆರು ವರ್ಷ ಒಂದು ಸಾಲೂ ಬರೆಯದವನಿಗೆ ಪುಟ್ಟಿಯ ಕೆಮ್ಮು ಹೇಗೆ ಗೊತ್ತಾಯಿತು ಎಂದು ಹುಬ್ಬೇರಿಸಬೇಡ. ಅಲ್ಲಿಗೇ ಬರುತ್ತಿದ್ದೇನೆ.

ನಾನು ಗುಂಡುಕಲ್ಲಿನಂತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನನ್ನ ಓದನ್ನು ಹಳಿಯಬೇಡ, ಉಳಿದವರು ಒಂದೇ ಸಲ ಓದಿದ ಏಳನೇ ತರಗತಿಯನ್ನು ಎರಡು ಸಲ ಓದಿ ಗಟ್ಟಿ ಮಾಡಿಕೊಂಡವನು ನಾನು. ನಿನ್ನಪ್ಪ ಚೆನ್ನಾಗಿದ್ದಾನೆ. ಕಣ್ಣು ಮಾತ್ರ ಪೂರ್ತಿ ಹೋಯಿತು. ನೀನಿದ್ದಾಗ ಅಕ್ಷರ ಕಾಣುತ್ತಿರಲಿಲ್ಲ, ಈಗ ಬೆಳಕೂ ಇಲ್ಲ. ಆದರೂ ನಾನು ಮಾಡಿದ ಸಾಮಾನಿಗೆ ಅವನೇ ಪಾಲಿಶ್ ಹಾಕಬೇಕು. ಬೆರಳಲ್ಲಿ ಸವರಿ ‘ಇಲ್ಲಿ ಮರಳುಕಾಗದ ಆಡಿಸೇ ಇಲ್ವಲ್ಲೋ ಸೋಮಾರಿ’ ಎನ್ನುತ್ತಾನೆ. ಕಣ್ಣಿದ್ದಾಗ ಇಷ್ಟು ತಪ್ಪು ಹಿಡಿಯುತ್ತಿರಲಿಲ್ಲ, ಪುಣ್ಯಾತ್ಮ.

ಈಗ ವಿಷಯ. ಚರ್ಚಿನಲ್ಲಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಇಡುವ ಮೇಜು ನಾನೇ ಮಾಡಿದ್ದು, ನೀನು ಹೋದ ಮೇಲೆ. ಒಂದೂ ಮೊಳೆ ಹೊಡೆಯದೆ ಕೂಡಿಸಿದ್ದೆಂದು ಆರು ವರ್ಷದಿಂದ ಡಂಗುರ ಸಾರಿದ್ದೇನೆ. ಅದನ್ನು ಪ್ರತಿಷ್ಠೆ ಮಾಡುವ ದಿನ, ಸಭೆ ಕೂಡಲು ಇನ್ನು ಕಾಲು ಗಂಟೆ ಇದೆ ಎನ್ನುವಾಗ, ಅದು ಕುಂಟಿತು. ಒಂದು ಕಾಲು ಗಿಡ್ಡ. ಸರಿಯಾದ ದಾರಿ ಎಂದರೆ ಉಳಿದ ಮೂರು ಕಾಲನ್ನೂ ಆ ಗಿಡ್ಡನ ಮಟ್ಟಕ್ಕೆ ಕೀಸಬೇಕು, ಅರ್ಧ ದಿನದ ಕೆಲಸ. ಕಳ್ಳದಾರಿ ಎಂದರೆ ಕಾಗದ ಮಡಿಸಿ ಕೆಳಗೆ ತುರುಕಬೇಕು. ಜೇಬಿಗೆ ಕೈ ಹಾಕಿದೆ. ಬೆಳಿಗ್ಗೆ ಪೋಸ್ಟ್‌ಮ್ಯಾನ್ ಕೊಟ್ಟಿದ್ದ ನಿನ್ನ ಮೊದಲ ಕಾಗದ ಸಿಕ್ಕಿತು. ಇನ್ನೂ ಒಡೆದಿರಲಿಲ್ಲ. ನಾಲ್ಕು ಮಡಿಕೆ ಮಾಡಿ ಇಟ್ಟೆ. ಮೇಜು ಬಂಡೆಯಂತೆ ನಿಂತಿತು. ಆರಾಧನೆ ಮುಗಿದ ಮೇಲೆ ತೆಗೆದು ಅಣ್ಣನಿಗೆ ಓದಿ ಹೇಳೋಣ ಎಂದುಕೊಂಡೆ. ಆದರೆ ಬಂದವರೆಲ್ಲ ಮೇಜು ಅಲ್ಲಾಡಿಸಿ ನೋಡಿ ಹೊಗಳಿದರು. ಹೊಗಳಿಸಿಕೊಂಡ ಮೇಲೆ ಕಾಗದ ಎಳೆಯಲು ಯಾರಿಗೆ ಮನಸ್ಸು ಬರುತ್ತದೆ, ನೀನೇ ಹೇಳು. ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ನಿನ್ನ ಎರಡನೆಯದು ಬಂತು, ಮೊದಲ ಕಾಗದಕ್ಕೆ ಉತ್ತರ ಯಾಕಿಲ್ಲ ಅಪ್ಪಾ ಎಂದು. ಅದನ್ನು ಓದಿದರೆ ಮೊದಲನೆಯದು ಎಲ್ಲಿ ಎನ್ನುತ್ತಾನೆ. ಉಳಿ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಮೂರನೆಯದು ಓದಿದರೆ ಎರಡನೆಯದು ಎಲ್ಲಿ ಎನ್ನುತ್ತಾನೆ. ಅದೂ ಪೆಟ್ಟಿಗೆಗೆ. ಹೀಗೆ.

ದಿನಾ ಅಂಗಡಿ ಮುಂದೆ ಪೋಸ್ಟ್‌ಮ್ಯಾನನ ಸೈಕಲ್ ಗಂಟೆ ಕೇಳಿದರೆ ನಿನ್ನಪ್ಪ ಪಾಲಿಶ್ ಬಟ್ಟೆ ನಿಲ್ಲಿಸುತ್ತಿದ್ದ. ‘ನಮಗೇನಾದ್ರೂ ಇದ್ಯೇನೋ?’ ಎನ್ನುತ್ತಿದ್ದ. ‘ಇಲ್ಲ ಕಣಣ್ಣ.’ ನೀನು ಡ್ರೈವರನ ಕೈ ಹಿಡಿದು ಹೊರಟಾಗ ‘ನನ್ನ ಪಾಲಿಗೆ ನೀನು ಸತ್ತೆ’ ಎಂದವನು ಅವನೇ ತಾನೇ. ‘ಅಂಥಾ ಮಾತಾಡಿದ್ದೀನಿ, ಯಾಕಾದ್ರೂ ಬರೀತಾಳೆ’ ಎಂದು ಮತ್ತೆ ಉಜ್ಜಲು ಶುರು ಮಾಡುತ್ತಿದ್ದ.

ನಮ್ಮ ಸಭೆಯ ಕ್ರಮ ನಿನಗೆ ಮರೆತಿರಲಾರದು. ಭೋಜನಕ್ಕೆ ಮುಂಚೆ ಅಕ್ಕಪಕ್ಕದವರ ಎರಡೂ ಕೈ ಹಿಡಿದು ‘ಸಮಾಧಾನ’ ಎನ್ನಬೇಕು. ಯಾರ ಜೊತೆಗಾದರೂ ಮುರಿದುಕೊಂಡವನು ಎದ್ದು ಹೊರಗೆ ಹೋಗಬೇಕು, ಕೂಡಿಸಿಕೊಂಡ ಮೇಲೆಯೇ ರೊಟ್ಟಿ. ಆರು ವರ್ಷ ಸರಿಯಾಗಿ ಆ ಹೊತ್ತಿಗೆ ನಾನು ಜಗಲಿಗೆ ಹೋಗಿ ಚಪ್ಪಲಿ ಕಾದೆ. ನಾನಿರುವುದಕ್ಕೇ ಒಂದು ಜೊತೆಯೂ ಕಳುವಾಗಿಲ್ಲ ಎಂದು ಜಂಭ ಬೇರೆ. ಎಂಥ ಸುಳ್ಳು ಬೇಕಾದರೂ ಹೇಳುವ ನನಗೆ ಆ ರೊಟ್ಟಿಗೆ ಕೈ ಚಾಚುವ ಧೈರ್ಯ ಬರಲಿಲ್ಲ. ಯೇಸುಸ್ವಾಮಿ ನಮ್ಮ ಕಸುಬಿನವನೇ ಅಲ್ಲವೇ ಮಗಳೇ, ಬಡಗಿಯ ಮನೆಯಲ್ಲಿ ಬೆಳೆದವನು. ಮೇಜಿನ ಕಾಲಡಿ ಏನಿದೆ ಎಂದು ಆತನಿಗೆ ಬೇರೆಯವರು ಹೇಳಬೇಕೇ?

ಮೊನ್ನೆ ಶನಿವಾರ ಅಣ್ಣ ಆ ಮೇಜಿಗೆ ಪಾಲಿಶ್ ಕೊಡಲು ಕೂತ. ನಾನು ಏಣಿ ಹತ್ತಿ ಕಿಟಕಿಯ ಚೌಕಟ್ಟು ಬಿಗಿ ಮಾಡುತ್ತಿದ್ದೆ. ಅವನ ಬೆರಳು ಕಾಲಿನ ತಳಕ್ಕೆ ಹೋಯಿತು, ನಿಂತಿತು. ‘ಏನು ಬಡಗಿ ಸಾಹೇಬ್ರೇ, ನಿಮ್ಮ ಮೇಜು ಚಪ್ಪಲಿ ಹಾಕ್ಕೊಂಡು ಚರ್ಚಿಗೆ ಬಂದಿದೆ?’ ಎಂದು ನಕ್ಕ. ಎಳೆದು ತೆಗೆದು, ಹೂವು ಜೋಡಿಸುತ್ತಿದ್ದ ಪಾದ್ರಿ ಅಯ್ಯನವರ ಹೆಂಡತಿಯ ಕೈಗೆ ಕೊಟ್ಟ, ಚರ್ಚಿನ ಕಾಗದವೇನೋ ನೋಡಿ ಅಮ್ಮಾ ಎಂದು. ಆಕೆ ಬಿಡಿಸಿ ಓದಿದರು. ‘ಪ್ರೀತಿಯ ಅಪ್ಪಾ, ನನ್ನದು ತಪ್ಪಾಯಿತು. ನಿಮಗೆ ಮೊಮ್ಮಗು ಬರುತ್ತಿದೆ.’ ನಾನು ಏಣಿಯಿಂದ ಬೀಳಲಿಲ್ಲವಲ್ಲ, ಅದೇ ಪವಾಡ. ಅಣ್ಣ ಇನ್ನೊಮ್ಮೆ ಓದಿಸಿದ. ತಾರೀಕು ಓದಿಸಿದ. ಈಗ ಬೈಯುತ್ತಾನೆ, ಈಗ ಕೋಲು ಎತ್ತುತ್ತಾನೆ ಎಂದು ಕಾದೆ. ಅವನು ಕಾಗದವನ್ನು ಒಳಜೇಬಿಗೆ ಇಟ್ಟುಕೊಂಡು ಅಂಗೈಯಿಂದ ಮೇಜು ಒತ್ತಿದ. ಅದು ಟಕ್ ಎಂದಿತು. ‘ಕುಂಟ್ತಿದೆ. ಮೂರು ಕಾಲೂ ಕೀಸು. ನಾಳೆ ಭೋಜನ ಇದೆ’ ಎಂದ. ಅಷ್ಟೇ. ರಾತ್ರಿಯವರೆಗೂ ಕೂತು ಕೀಸಿ ಮುಗಿಸಿದೆ.

ನಿನ್ನೆ ನಾನು ಎಂದಿನಂತೆ ಚಪ್ಪಲಿಗಳ ಹತ್ತಿರ ನಿಂತಿದ್ದೆ. ಒಳಗಿನಿಂದ ಕೋಲಿನ ಸದ್ದು ಬಂತು. ನೋಡಿದರೆ ಇಡೀ ಸಭೆಯನ್ನು ಬಿಟ್ಟು, ಬೆಂಚು ಬೆಂಚು ಸವರಿಕೊಂಡು, ನಿನ್ನಪ್ಪ ಹೊರಗೆ ಬರುತ್ತಿದ್ದಾನೆ. ಮುರಿದವನು ಒಳಗೆ ಹೋಗಿ ಕೇಳಿಕೊಳ್ಳಬೇಕೆಂದು ಗೊತ್ತಿತ್ತು. ಮುರಿಯದವನು ಎದ್ದು ಹೊರಗೆ ಬರುತ್ತಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಎರಡೂ ಕೈ ಚಾಚಿ, ನನ್ನ ಕಡೆಗಲ್ಲ, ಕಂಬದ ಕಡೆಗೆ, ‘ಎಲ್ಲಿದ್ದೀಯೋ, ಕೈ ಕೊಡೋ’ ಎಂದ. ಕಂಬಕ್ಕೆ ಹೋಗುತ್ತಿದ್ದ ಕ್ಷಮೆಯನ್ನು ಓಡಿಹೋಗಿ ನಾನೇ ಹಿಡಿದುಕೊಂಡೆ. ‘ಸಮಾಧಾನ’ ಎಂದ. ಕೈ ಬಿಡದೆಯೇ ಮೆಲ್ಲಗೆ ಕೇಳಿದ, ‘ಮಗು ಗಂಡೋ ಹೆಣ್ಣೋ, ಯಾರನ್ನ ಕೇಳೋದೋ?’ ‘ಹೆಣ್ಣು ಅಣ್ಣ, ಗುಂಗುರು ಕೂದಲಂತೆ, ಥೇಟು ಅತ್ತಿಗೆ ಥರಾನೇ’ ಎಂದು, ತೀರಿಹೋದ ನಿನ್ನಮ್ಮನನ್ನು ನೆನೆದು, ಹೇಳಿಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನ ಜೇಬಿನಲ್ಲಿದ್ದ ಕಾಗದದಲ್ಲಿ ಮಗು ಇನ್ನೂ ಹುಟ್ಟಿಯೇ ಇರಲಿಲ್ಲ. ಅಣ್ಣನ ಕೈ ತಣ್ಣಗಾಯಿತು. ಕಿತ್ತುಕೊಳ್ಳುತ್ತಾನೆ ಎಂದುಕೊಂಡೆ. ಇನ್ನೂ ಬಿಗಿಯಾಯಿತು. ‘ಇನ್ನೆಷ್ಟಿವೆ?’ ಎಂದ. ‘ಮೂರು’ ಎಂದೆ. ಕುರುಡುಗಣ್ಣಲ್ಲಿ ಅಷ್ಟು ನೀರಿರುತ್ತದೆಂದು ನನಗೆ ಗೊತ್ತಿರಲಿಲ್ಲ ಮಗಳೇ. ಹಾಗೇ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದ. ಆರು ವರ್ಷದ ಮೇಲೆ ರೊಟ್ಟಿ ತಿಂದೆ. ಮೇಜು ಕಾಲು ಇಂಚು ಗಿಡ್ಡವಾಗಿದೆ, ಅಲ್ಲಾಡುವುದಿಲ್ಲ.

‘ನಾನಂದ ಮಾತು ವಾಪಸ್ ತಗೊಂಡಿದ್ದೀನಿ ಅಂತ ಬರಿ. ಡ್ರೈವರನ್ನೂ ಕರ್ಕೊಂಡು ಬರ್ಲಿ ಅಂತ ಬರಿ’ ಎಂದು ನಿನ್ನಪ್ಪ ಹೇಳಿದ್ದಾನೆ. ಎಂಟು ತಿಂಗಳ ಹಿಂದೆ ನೀನು ‘ಇದೇ ನನ್ನ ಕೊನೆಯ ಕಾಗದ’ ಎಂದು ಬರೆದೆಯಲ್ಲ, ಅದು ಅಪ್ಪನಿಗೆ ಬರೆದದ್ದು, ಅಪ್ಪನಿಗೆ ತಲುಪಿಲ್ಲ, ಆದ್ದರಿಂದ ಅದು ಲೆಕ್ಕಕ್ಕಿಲ್ಲ. ನನ್ನನ್ನು ಬೈಯುವುದಿದ್ದರೆ ಎದುರಿಗೆ ನಿಂತು ಬೈಯಿ. ಪುಟ್ಟಿಗೆ ಮುತ್ತು. ಡ್ರೈವರ್ ಸಾಹೇಬರಿಗೆ ವಂದನೆ. ನನ್ನನ್ನು ಬಿಡದ ಕರ್ತನು ನಿಮ್ಮನ್ನೂ ಕೈಬಿಡದಿರಲಿ.

ಇತಿ,
ಚಪ್ಪಲಿ ಕಾಯುವ ಕೆಲಸ ಕಳೆದುಕೊಂಡ
ನಿನ್ನ ಚಿಕ್ಕಪ್ಪ

ತಾ.ಕ.: ಮೂರು ಎಂದದ್ದು ಸುಳ್ಳು. ರೊಟ್ಟಿ ಇಳಿಯಿತು, ಅದು ಮಾತ್ರ ಗಂಟಲಲ್ಲೇ ನಿಂತಿದೆ. ನೀನು ಬರೆದದ್ದು ಒಟ್ಟು ಇಪ್ಪತ್ತಾರು. ಒಂದು ಅಣ್ಣನ ಜೇಬಿನಲ್ಲಿದೆ. ಈಗಷ್ಟೇ ಉಳಿ ಪೆಟ್ಟಿಗೆ ಮಗುಚಿದೆ, ಒಂಬತ್ತು ಸಿಕ್ಕವು. ಮಿಕ್ಕವನ್ನು ಪೆಟ್ಟಿಗೆ ತುಂಬಿದಾಗಲೆಲ್ಲ ಅಂಟು ಕಾಯಿಸುವ ಒಲೆಗೆ ಹಾಕಿದ್ದೆ. ಅಣ್ಣ ಬಾಗಿಲಲ್ಲಿ ಕೂತು ‘ಬರೆದದ್ದು ಓದೋ’ ಎನ್ನುತ್ತಿದ್ದಾನೆ. ಇದನ್ನೂ ಬಿಡದೆ ಓದುತ್ತೇನೆ. ಸುಟ್ಟವುಗಳಲ್ಲಿ ನನಗೆ ನೆನಪಿರುವುದು ಆ ಗುಂಗುರು ಕೂದಲೊಂದೇ. ಉಳಿದದ್ದನ್ನು ನೀನೇ ಬಂದು ಅಪ್ಪನ ಪಕ್ಕ ಕೂತು ಹೇಳಬೇಕು. ನಾನು ಕಳೆದದ್ದು ಹದಿನಾರು, ಮೊಳೆ. ಹದಿನಾರು.